ಮೂರು ಕೆಲಸ ಕೂಡಿದ ಮೇಲೆ ಗಾಡಿ

ನಮ್ಮ ಕಾರಿನ ಎ.ಸಿ. ಗುಂಡಿಯ ಮೇಲೆ ಒಂದು ಕರಿ ಟೇಪು ಅಂಟಿಕೊಂಡಿದೆ. ಕರೆಂಟಿನ ತಂತಿಗೆ ಸುತ್ತುತ್ತಾರಲ್ಲ, ಆ ಟೇಪು. ಮೊನ್ನೆ ಕಾರಿನೊಳಗೆ ಧೂಳು ಒರೆಸುತ್ತಿದ್ದಾಗ ಅದರ ಒಂದು ಮೂಲೆ ಬಟ್ಟೆಗೆ ಸಿಕ್ಕಿ ಮೇಲೆದ್ದಿತು. ಕೆಳಗೆ ಗುಂಡಿ ಅಂಗಡಿಯಿಂದ ಆಗತಾನೆ ತಂದಂತೆ ಹೊಳೆಯುತ್ತಿತ್ತು. ಹೊಳೆಯದೆ ಏನು ಮಾಡುತ್ತದೆ? ಯಾರ ಬೆರಳಾದರೂ ತಾಗಿದ್ದರೆ ತಾನೇ ಮಾಸುವುದು! ನಾನು ಟೇಪನ್ನು ಮತ್ತೆ ಒತ್ತಿ ಅಂಟಿಸಿದೆ. ಒತ್ತುವಾಗ ಹಳೆಯ ಸಿಟ್ಟೆಲ್ಲ ಹೆಬ್ಬೆರಳಿಗೆ ಬಂದು ನಿಂತಿತು. ಅದನ್ನು ಒಬ್ಬಳೇ ಇಟ್ಟುಕೊಂಡು ಸಾಕಾಗಿದೆ, ನಿಮಗೂ ಹೇಳಿಬಿಡುತ್ತೇನೆ.

ಟೇಪು ಅಂಟಿಸಿದವರು ನಮ್ಮ ಯಜಮಾನರು, ರುದ್ರಪ್ಪನವರು. ಶಿಕಾರಿಪುರದಲ್ಲಿ ನಮ್ಮದು ಪೇಂಟಿನ ಅಂಗಡಿ. ಮನುಷ್ಯ ಕೆಟ್ಟವರಲ್ಲ. ಕುಡಿತವಿಲ್ಲ, ಇಸ್ಪೀಟಿಲ್ಲ, ಕೈಯೆತ್ತುವುದಿರಲಿ ದನಿಯೆತ್ತಿದ್ದೂ ಕಡಿಮೆ. ಅವರಿಗಿರುವ ಒಂದೇ ಚಟವೆಂದರೆ ಮೈಲೇಜು. ಪೆಟ್ರೋಲಿನ ಬೆಲೆ ಏರಿದಾಗಲೆಲ್ಲ ನಮ್ಮ ಕಾರಿಗೆ ಒಂದು ಹೊಸ ಕಾನೂನು ಬರುತ್ತದೆ. ಮೊದಲು ಎ.ಸಿ. ಹೋಯಿತು. ಆಮೇಲೆ ಕಿಟಕಿಯ ಗಾಜು ಇಳಿಸುವುದೂ ನಿಂತಿತು. ಗಾಳಿ ಒಳಗೆ ನುಗ್ಗಿದರೆ ಗಾಡಿಯನ್ನು ಹಿಂದಕ್ಕೆ ಎಳೆಯುತ್ತದಂತೆ. ಎ.ಸಿ.ಯೂ ಇಲ್ಲ, ಕಿಟಕಿಯೂ ಇಲ್ಲ ಎಂದಮೇಲೆ ಬೇಸಿಗೆಯಲ್ಲಿ ಒಳಗೆ ಕೂತವರು ಕಡುಬಿನ ಹಾಗೆ ಬೇಯಬೇಕು. ಮುಂದಿನ ಏರಿಕೆಗೆ ಡಿಕ್ಕಿಯಲ್ಲಿದ್ದ ಜಮಖಾನೆ, ಕೊಡೆ, ನೀರಿನ ಕ್ಯಾನು ಎಲ್ಲವೂ ಇಳಿದವು, ಭಾರವೆಂದು. ಒಮ್ಮೆ ತವರಿಗೆ ಹೊರಟಾಗ ನನ್ನ ಚೀಲವನ್ನು ಕೈಯಲ್ಲಿ ಎತ್ತಿ ತೂಗಿ ನೋಡಿ, "ಇಷ್ಟೊಂದು ಸೀರೆ ಯಾಕೆ?" ಎಂದು ಕೇಳಿದರು. ನನ್ನನ್ನೇ ಎತ್ತಿ ತೂಗಲಿಲ್ಲವಲ್ಲ, ಅದೇ ಪುಣ್ಯ.

ಹೇಳಿಕೊಳ್ಳುವುದಕ್ಕೇನು, ನಾನೂ ಕೈಬಿಚ್ಚಿ ಖರ್ಚು ಮಾಡುವವಳಲ್ಲ. ಸವೆದ ಸೋಪಿನ ಚೂರನ್ನು ಹೊಸ ಸೋಪಿನ ಬೆನ್ನಿಗೆ ಅಂಟಿಸುವವಳು. ಬೇಳೆ ಮುಕ್ಕಾಲು ಬೆಂದ ಕೂಡಲೇ ಗ್ಯಾಸ್ ಆರಿಸಿ ಮುಚ್ಚಳ ಮುಚ್ಚಿ ಮಿಕ್ಕಿದ್ದನ್ನು ಹಬೆಗೆ ಬಿಡುವವಳು. ಮನೆಯಲ್ಲೇ ಕೂತು ಸೀರೆಗೆ ಕುಚ್ಚು ಕಟ್ಟಿ ಕೊಡುತ್ತೇನೆ, ಸೀರೆ ತರುವ ಹೆಂಗಸರ ಎದುರಿಗೆ "ನಮ್ಮವರು ಲೀಟರಿಗೆ ಎಷ್ಟು ಓಡಿಸ್ತಾರೆ ಗೊತ್ತಾ?" ಎಂದು ಮೊದಮೊದಲು ಜಂಬ ಕೊಚ್ಚಿಕೊಂಡವಳೂ ನಾನೇ. ಏನೋ ಅವರೇ ನೊಗ ಹೊತ್ತು ಕಾರನ್ನು ಎಳೆದ ಹಾಗೆ!

ನಾನೂ ಕಾರು ಕಲಿಯುತ್ತೇನೆ ಎಂದು ಒಂದು ಸಲ ಬಾಯಿಬಿಟ್ಟೆ. "ಕಲಿಯೋರು ಕ್ಲಚ್ ಮೇಲೇ ಕಾಲಿಟ್ಟಿರ್ತಾರೆ ಕಣೇ, ಗಾಡಿ ಪೆಟ್ರೋಲ್ ಕುಡಿದುಬಿಡುತ್ತೆ. ರೇಟ್ ಇಳೀಲಿ, ಕಲಿಯುವೆಯಂತೆ" ಎಂದರು. ಇಳಿಯುವುದು! ಈ ಜನ್ಮದಲ್ಲಿ ನಾನು ಇಳಿದದ್ದು ನೋಡಿರುವುದು ಟೊಮೆಟೊದ ಬೆಲೆ ಒಂದೇ; ಅದೂ ಬೆಳೆದವರು ಬುಟ್ಟಿಗಟ್ಟಲೆ ಬೀದಿಗೆ ಸುರಿದ ದಿನ. ಪೆಟ್ರೋಲು ಪೈಸೆ ಲೆಕ್ಕದಲ್ಲಿ ಇಳಿದರೂ ಹಾಲಿನವನು, ಆಟೋದವನು, ಹಿಟ್ಟಿನ ಗಿರಣಿಯವನು ಯಾರೂ ಇಳಿಸುವುದಿಲ್ಲ. ಏರಿದ ದಿನ ಮಾತ್ರ ಎಲ್ಲರೂ ಬೆಳಿಗ್ಗೆಯೇ ಪೇಪರು ಓದಿರುತ್ತಾರೆ.

ಈ ಕಾನೂನುಗಳನ್ನೆಲ್ಲ ಸಹಿಸಿಕೊಂಡೆ. ಸಹಿಸಲಾಗದ್ದು ಕೊನೆಗೆ ಬಂದದ್ದು. ಒಂದು ಏರಿಕೆಯ ಮರುದಿನ ಊಟಕ್ಕೆ ಕೂತಾಗ ಹೇಳಿದರು: "ಇನ್ಮೇಲೆ ಮೂರು ಕೆಲಸ ಕೂಡಿದ ಮೇಲೇ ಗಾಡಿ ತೆಗೆಯೋದು. ಒಂದು ಕೆಲಸಕ್ಕೆ ಅಂತ ಹೊರಗೆ ಹೋದ್ರೆ ಲುಕ್ಸಾನು."

ಕೇಳುವುದಕ್ಕೆ ಎಷ್ಟು ಚೆನ್ನಾಗಿದೆ! ಆದರೆ ಯಾವುದನ್ನು ಕೆಲಸ ಎನ್ನಬೇಕು ಎಂದು ತೀರ್ಮಾನಿಸುವವರು ಯಾರು? ಗೆಳೆಯನ ಗೃಹಪ್ರವೇಶ ಕೆಲಸ. ಆನವಟ್ಟಿಯಲ್ಲಿ ಯಾರೋ ಟ್ರ್ಯಾಕ್ಟರ್ ಮಾರುತ್ತಾರೆ, ಕೊಳ್ಳುವವನು ಇನ್ಯಾರೋ. ಜೊತೆಗೆ ಹೋಗಿ ಎಂಜಿನ್ ಸದ್ದು ಕೇಳಿ ತಲೆಯಾಡಿಸಿ ಬರುವುದೂ ಕೆಲಸ. ಸೊರಬದಲ್ಲಿರುವ ನಮ್ಮಕ್ಕನನ್ನು ನೋಡಿಕೊಂಡು ಬರುವುದು ಕೆಲಸವಲ್ಲ. ಅದು "ಹೋಗಾಣ, ಎಲ್ಲಿ ಹೋಗ್ತಾರೆ ಅವ್ರು" ಬಾಬತ್ತು. ಅದಕ್ಕೆ ಬೇರೆ ಎರಡು ಕೆಲಸ ಹುಟ್ಟಿ ಬರುವವರೆಗೆ ನಾನು ಕಾಯಬೇಕು. ಹೀಗೆ ಕಾದು ಕಾದು ಹಬ್ಬಗಳೇ ದಾಟಿಹೋದವು. ಅಕ್ಕ ಫೋನಿನಲ್ಲಿ "ಯಾವಾಗ ಬರ್ತ್ಯೇ?" ಎಂದರೆ, ಕೆಲಸ ಕೂಡಿಲ್ಲ ಎಂದು ಹೇಳಲು ನಾಚಿಕೆಯಾಗಿ "ಕುಚ್ಚಿನ ಆರ್ಡರ್ ಜಾಸ್ತಿ ಇದೆ ಅಕ್ಕ" ಎನ್ನುತ್ತಿದ್ದೆ.

ಉಳಿತಾಯವೆಂದರೆ ನನಗೇನೂ ಹೊಸದಲ್ಲ. ಸೊರಬದಲ್ಲಿ ನಾವು ಚಿಕ್ಕವರಿದ್ದಾಗ ಅಪ್ಪನ ಹತ್ತಿರ ಒಂದು ಮೊಪೆಡ್ ಇತ್ತು. ಸೈಕಲ್ಲಿನ ಹಾಗೆ ಪೆಡಲ್ ತುಳಿದು ಸ್ಟಾರ್ಟ್ ಮಾಡಬೇಕಿತ್ತು. ಅಕ್ಕ ಹಿಂದೆ, ನಾನು ಮುಂದಿನ ಜಾಗದಲ್ಲಿ ಮೊಣಕಾಲು ಮಡಿಸಿಕೊಂಡು. ಏರು ಬಂದ ಕೂಡಲೇ ಅಪ್ಪ, "ಇಳೀರೇ ಇಬ್ರೂ" ಎನ್ನುತ್ತಿದ್ದ. ಇಳಿಯುತ್ತಿದ್ದೆವು. ಆದರೆ ಅಪ್ಪನೂ ಇಳಿಯುತ್ತಿದ್ದ! ಎಂಜಿನ್ ಆರಿಸಿ, ಪಂಚೆ ಎತ್ತಿ ಕಟ್ಟಿ, ಮೂವರೂ ಸೇರಿ ಗಾಡಿಯನ್ನು ತಳ್ಳಿಕೊಂಡು ಏರು ಹತ್ತುತ್ತಿದ್ದೆವು. ಅಕ್ಕ ಮೂಗಿನಲ್ಲೇ ಎಂಜಿನ್ನಿನ ಸದ್ದು ಮಾಡುತ್ತಿದ್ದಳು. ಮೇಲೆ ತಲುಪಿದಾಗ ಮೂವರಿಗೂ ಏದುಸಿರು, ಮೂವರಿಗೂ ನಗು. ಅದು ಉಳಿತಾಯ. ತಾನು ಸೀಟಿನ ಮೇಲೆ ಕೂತೇ ಇದ್ದು ಹೆಂಡತಿಯನ್ನು ಇಳಿಸುವುದಕ್ಕೆ ಬೇರೆ ಹೆಸರಿದೆ. ಮರ್ಯಾದಸ್ಥರು ಓದುತ್ತಿದ್ದೀರಿ, ಬರೆಯುವುದಿಲ್ಲ.

ಹೀಗಿರುವಾಗ ಅಕ್ಕನಿಗೆ ಆಪರೇಷನ್ ಎಂದು ಗೊತ್ತಾಯಿತು. ಗರ್ಭಕೋಶ ತೆಗೆಯಬೇಕೆಂದು ಡಾಕ್ಟರು ಹೇಳಿದ್ದರು. ಸೊರಬದಲ್ಲೇ ಒಂದು ನರ್ಸಿಂಗ್ ಹೋಮಿನಲ್ಲಿ ದಿನ ನಿಗದಿಯಾಯಿತು. ನಮ್ಮ ಭಾವ ಒಳ್ಳೆಯವರು, ಆದರೆ ಆಸ್ಪತ್ರೆಯ ಫಿನಾಯಿಲ್ ವಾಸನೆ ಬಂದರೆ ಸಾಕು, ತಾವೇ ಮಲಗಿಬಿಡುವ ಪೈಕಿ. ಅಕ್ಕ ಫೋನ್ ಮಾಡಿದಳು.

"ಒಳಗೆ ಕರ್ಕೊಂಡು ಹೋಗೋ ಮುಂಚೆ ಒಂದ್ಸಲ ನಿನ್ನ ಮುಖ ನೋಡ್ಬೇಕು ಕಣೇ. ಬರ್ತ್ಯಲ?"

ಎಂಥ ಕಷ್ಟಕ್ಕೂ ಜಗ್ಗದ ಹೆಂಗಸು ಅವಳು. ಅಪ್ಪ ಹೋದಾಗ ನಮ್ಮನ್ನೆಲ್ಲ ಹಿಡಿದು ನಿಲ್ಲಿಸಿದವಳು. ಅವಳ ದನಿ ಅಷ್ಟು ಸಣ್ಣಗಾದದ್ದನ್ನು ನಾನು ಕೇಳಿದ್ದೇ ಅವತ್ತು. "ಬಂದೇ ಬರ್ತೀನಿ ಅಕ್ಕ" ಎಂದೆ.

ಬೆಳಗಿನ ಮೊದಲ ಬಸ್ಸಿಗೆ ಹೋಗುತ್ತೇನೆಂದು ಯಜಮಾನರಿಗೆ ಹೇಳಿದೆ. ಅವರು ಬೆಚ್ಚಿಬಿದ್ದರು.

"ಮನೇಲಿ ಕಾರಿಟ್ಕೊಂಡು ಬಸ್ಸಲ್ಲಿ ಹೋಗ್ತಾರೇನೇ? ನೋಡಿದೋರು ಕಾರ್ ಮಾರಿದ್ರೇನೋ ಅಂತಾರೆ. ನಾನೇ ಕರ್ಕೊಂಡು ಹೋಗ್ತೀನಿ. ಹೇಗೂ ಶಿರಾಳಕೊಪ್ಪದಲ್ಲಿ ಒಬ್ರಿಗೆ ಪೇಂಟ್ ಸ್ಯಾಂಪಲ್ ತೋರಿಸೋದೈತೆ. ಕುಬಟೂರಿಗೆ ಅಣ್ಣನ ಮಗಳ ಮದುವೆ ಕಾರ್ಡ್ ಕೊಡೋದೈತೆ. ನಿಮ್ಮಕ್ಕಂದೂ ಸೇರಿ ಮೂರಾಯ್ತಲ್ಲ!"

ಲಾಟರಿ ಹೊಡೆದವರ ಮುಖ. ನನಗೆ ಅವತ್ತೇ ಜಗಳವಾಡಬೇಕೆನಿಸಿತು. ಆದರೆ ಕಾರಿನಲ್ಲಾದರೆ ಬೇಗ ತಲುಪುತ್ತೇವಲ್ಲ ಎಂದು ಸುಮ್ಮನಾದೆ.

ಹೊತ್ತಿಗೆ ಮುಂಚೆಯೇ ಹೊರಟೆವು. ಶಿರಾಳಕೊಪ್ಪದಲ್ಲಿ ಸ್ಯಾಂಪಲ್ ನೋಡಬೇಕಾದವರು ಸ್ನಾನಕ್ಕೆ ಹೋಗಿದ್ದರು. ಸ್ನಾನವಾದ ಮೇಲೆ ಪೂಜೆ. ಪೂಜೆಯಾದ ಮೇಲೆ ಗೋಡೆಗೆ ತಿಳಿಹಸಿರು ಬೇಕೋ ಕೆನೆಬಣ್ಣ ಬೇಕೋ ಎಂಬ ವಿಚಾರ. ಅದಕ್ಕೆ ಸೊಸೆಯನ್ನು ಕರೆಸಿ ಕೇಳಬೇಕು. ನಾನು ಕಾರಿನಲ್ಲೇ ಗಾಜು ಏರಿಸಿಕೊಂಡು ಕೂತಿದ್ದೆ. ಅಲ್ಲಿಂದ ನೇರ ಸೊರಬದ ರಸ್ತೆ ಹಿಡಿದಿದ್ದರೂ ಹೊತ್ತಿಗೆ ಸರಿಯಾಗಿ ತಲುಪುತ್ತಿದ್ದೆವು. ಆದರೆ ಕಾರ್ಡು! ಕುಬಟೂರಿಗೆಂದು ಗಾಡಿ ಆನವಟ್ಟಿ ಕಡೆಗೆ ತಿರುಗಿತು. ಪೆಟ್ರೋಲ್ ಉಳಿಸುವುದಕ್ಕಾಗಿ ಊರು ಸುತ್ತಿಕೊಂಡು ಹೋಗುವವರನ್ನು ನೀವೆಲ್ಲಾದರೂ ನೋಡಿದ್ದೀರಾ? ನಾನು ಅಂಥವರನ್ನೇ ಮದುವೆಯಾಗಿದ್ದೇನೆ.

"ಅಕ್ಕನ್ನ ನೋಡ್ಕೊಂಡು ವಾಪಸ್ ಬರ್ತಾ ಕೊಡಬಹುದಿತ್ತಲ್ರೀ ಕಾರ್ಡು?"

"ವಾಪಸ್ ಬರೋವಾಗ ನೇರ ಬಂದ್ಬಿಡಾಣ. ಈಗ ಹೋದ್ರೆ ಒಂದೇ ಸುತ್ತಿಗೆ ಮುಗಿಯುತ್ತೆ."

ಈ ಲೆಕ್ಕ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಅವರಿಗೂ ಆಗಿಲ್ಲವೆಂದು ನನ್ನ ಗುಮಾನಿ.

ಕುಬಟೂರಿನ ನೆಂಟರು ಎಂಥ ಒಳ್ಳೆಯ ಜನವೆಂದರೆ, ಬಾಗಿಲಲ್ಲೇ ಕಾರ್ಡು ಕೊಟ್ಟು ಹೋಗುತ್ತೇವೆಂದರೆ ಬಿಡಲೇ ಇಲ್ಲ. "ಅಪರೂಪಕ್ಕೆ ಬಂದೀರಿ, ಬಾಯಿಗೆ ಏನಾದ್ರೂ ಹಾಕ್ಕೊಂಡೇ ಹೋಗ್ಬೇಕು" ಎಂದು ಉಪ್ಪಿಟ್ಟಿಗೆ ರವೆ ಹುರಿಯಲು ಒಳಗೆ ಹೋದರು. ಆ ಮನೆಯ ಪಡಸಾಲೆಯಲ್ಲಿ ಕೂತಿದ್ದಾಗ ಭಾವನ ಫೋನು ಬಂತು. ಡಾಕ್ಟರು ಬೇಗ ಬಂದಿದ್ದಾರೆ, ಇನ್ನೇನು ಒಳಗೆ ಕರೆದುಕೊಂಡು ಹೋಗುತ್ತಾರೆ ಎಂದರು. ಆಮೇಲೆ ಅಕ್ಕ ಫೋನ್ ಇಸಿದುಕೊಂಡಳು.

"ಎಲ್ಲಿದ್ದೀಯೇ?"

"ದಾರೀಲಿದ್ದೀನಿ ಅಕ್ಕ. ಬಂದೇಬಿಟ್ಟೆ."

ಕೈಯಲ್ಲಿ ಉಪ್ಪಿಟ್ಟಿನ ತಟ್ಟೆಯಿತ್ತು. ತಟ್ಟೆ ಅಲ್ಲೇ ಇಟ್ಟು ಎದ್ದು ಹೊರಗೆ ಬಂದು ಕಾರಿನ ಪಕ್ಕ ನಿಂತೆ. ಯಜಮಾನರು ಚಹಾ ಕುಡಿದೇ ಬಂದರು.

ಸೊರಬದ ದಾರಿಯಲ್ಲಿ ಒಂದು ಇಳಿಜಾರಿದೆ. ಇಳಿಜಾರು ಕಂಡರೆ ನಮ್ಮವರ ಕೈ ತಾನಾಗಿ ಬೀಗದ ಕೈಗೆ ಹೋಗುತ್ತದೆ. ಎಂಜಿನ್ ಆರಿಸಿ ಗಾಡಿಯನ್ನು ಹಾಗೇ ಜಾರಲು ಬಿಡುತ್ತಾರೆ. ಅವತ್ತೂ ಆರಿಸಿದರು. ಕಾರು ಸದ್ದಿಲ್ಲದೆ ಜಾರತೊಡಗಿತು. ಕೆಳಗೆ ರಸ್ತೆಯ ಅರ್ಧ ಭಾಗಕ್ಕೆ ಯಾರೋ ಮೆಕ್ಕೆಜೋಳ ಒಣಹಾಕಿದ್ದರು. ಮಿಕ್ಕ ಅರ್ಧಕ್ಕೆ ಎದುರಿನಿಂದ ಬಸ್ಸು ಬಂತು. ಇವರು ಬ್ರೇಕ್ ತುಳಿದರು. ಎಂಜಿನ್ ಆರಿದ ಗಾಡಿಯ ಬ್ರೇಕು ಕಲ್ಲಾಗಿರುತ್ತದೆಂದು ನನಗೆ ಗೊತ್ತಾದದ್ದು ಆಗಲೇ. ಎರಡೂ ಕಾಲೊತ್ತಿ ಸ್ಟೀರಿಂಗ್ ಎಳೆದರು. ಬಸ್ಸು ಕಿರುಚಿಕೊಂಡು ಪಕ್ಕದಲ್ಲೇ ಹಾದುಹೋಯಿತು. ನಾವು ಮೆಕ್ಕೆಜೋಳದ ರಾಶಿಯೊಳಗೆ ಹೊಕ್ಕು ನಿಂತೆವು.

ಜೋಳ ಹರವುತ್ತಿದ್ದ ಹೆಂಗಸು ಸೆರಗು ಸಿಕ್ಕಿಸಿಕೊಂಡು ಓಡಿಬಂದಳು.

"ಏನ್ರೀ, ಕಣ್ಣು ಮುಚ್ಕೊಂಡು ಬರ್ತೀರೇನು? ಹಾರ್ನ್ ಇಲ್ಲ, ಸದ್ದಿಲ್ಲ, ದೆವ್ವ ಬಂದಂಗೆ ಬಂದ್ರಲ್ರೀ!"

"ಎಂಜಿನ್ ಆಫ್ ಮಾಡಿದ್ದೆ ತಾಯಿ" ಎಂದರು ಇವರು, ಬೆವರು ಒರೆಸಿಕೊಳ್ಳುತ್ತ. "ಏನ್ ಮಾಡೋದು, ಪೆಟ್ರೋಲ್ ರೇಟು ನೋಡ್ತೀರಲ್ಲ…"

"ರೇಟು ನಿಮಗೊಬ್ರಿಗೇ ಏರೈತೇನ್ರೀ? ನಮ್ಮ ಜೋಳದ ರೇಟು ಯಾವಾಗ ಏರ್ತದೆ, ಅದನ್ನೂ ಒಂಚೂರು ಕೇಳ್ಕಂಡು ಬರ್ರಿ!"

ಚಕ್ರದ ಕೆಳಗಿನಿಂದ ಜೋಳ ಬಳಿಯಲು ನಾನು ಬಗ್ಗಿದೆ. ಕಣ್ಣಿನಲ್ಲಿ ನೀರು ನಿಲ್ಲಲಿಲ್ಲ. ಆಕೆ ನನ್ನ ಮುಖ ನೋಡಿ ದನಿ ತಗ್ಗಿಸಿ, "ಎಲ್ಲಿಗೆ ಹೊಂಟೀರವ್ವಾ?" ಎಂದು ಕೇಳಿದಳು. ಹೇಳಿದೆ. ಕೂಡಲೇ ನನ್ನ ಭುಜ ಹಿಡಿದು ಎಬ್ಬಿಸಿದಳು. "ನೀ ಹೋಗವ್ವಾ. ಜೋಳ ನಾ ಬಳ್ಕಂತೀನಿ. ಅಕ್ಕ ಕಾಯ್ತಿರ್ತಾಳೆ, ಹೋಗು."

ಪರಿಚಯವಿಲ್ಲದ ಆ ಹೆಂಗಸಿಗೆ ಒಂದು ಮಾತಿಗೆ ತಿಳಿದದ್ದು, ಇಷ್ಟು ವರ್ಷ ನನ್ನ ಜೊತೆ ಊಟ ಮಾಡಿದವರಿಗೆ ತಿಳಿಯಲಿಲ್ಲವಲ್ಲ ಎಂದು ದಾರಿಯುದ್ದಕ್ಕೂ ಉರಿದುಕೊಂಡೆ.

ನರ್ಸಿಂಗ್ ಹೋಮಿನ ಮೆಟ್ಟಿಲು ಹತ್ತಿದಾಗ ಭಾವ ಬೆಂಚಿನ ಮೇಲೆ ಕೂತಿದ್ದರು. ಅಕ್ಕನ ಬಳೆ, ಓಲೆ, ಕರಿಮಣಿ ಎಲ್ಲವನ್ನೂ ಕರ್ಚೀಫಿನಲ್ಲಿ ಕಟ್ಟಿ ಎರಡೂ ಕೈಯಲ್ಲಿ ಹಿಡಿದಿದ್ದರು.

"ಈಗ್ತಾನೇ ಕರ್ಕೊಂಡು ಹೋದ್ರು" ಎಂದರು. "ಬಾಗಿಲು ಹಾಕೋವರೆಗೂ ಮೆಟ್ಟಿಲ ಕಡೆನೇ ನೋಡ್ತಿದ್ಳು."

ನಾನು ಅವರ ಪಕ್ಕದಲ್ಲಿ ಕೂತೆ. ಯಜಮಾನರು ಎದುರಿನ ಗೋಡೆಗೆ ಒರಗಿ ನಿಂತರು. ನಾನು ಅವರ ಮುಖ ನೋಡಲಿಲ್ಲ. ಆ ಬಾಗಿಲು ತೆರೆಯುವವರೆಗೆ ನನಗೆ ಬಂದ ಯೋಚನೆಗಳನ್ನು ನಿಮಗೆ ಹೇಳುವುದಿಲ್ಲ. ಆಸ್ಪತ್ರೆಯ ಬೆಂಚಿನ ಮೇಲೆ ಕೂತವರಿಗೆಲ್ಲ ಅವು ಗೊತ್ತು. ಅಕ್ಕನಿಗೆ ಏನಾದರೂ ಆಗಿದ್ದರೆ, ಕೊನೆಗೆ ಅವಳಿಗೆ ನನ್ನಿಂದ ಸಿಕ್ಕಿದ್ದು "ಬಂದೇಬಿಟ್ಟೆ" ಎಂಬ ಸುಳ್ಳೊಂದೇ.

ಏನೂ ಆಗಲಿಲ್ಲ. ಎಲ್ಲ ಸರಿಯಾಗಿ ಮುಗಿಯಿತು. ಸಂಜೆ ಹೊತ್ತಿಗೆ ಅಕ್ಕ ಮಾತಾಡುವಂತಾದಳು. ತುಟಿ ಒಣಗಿತ್ತು, ಒದ್ದೆ ಹತ್ತಿಯಿಂದ ಒರೆಸಿದೆ. ಅವಳು ನನ್ನ ಕೈ ಹಿಡಿದುಕೊಂಡಳೇ ಹೊರತು ಯಾಕೆ ತಡ ಎಂದು ಕೇಳಲಿಲ್ಲ. ಸುಮ್ಮನಿದ್ದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ನಮ್ಮವರಿಗೆ ಆ ಮೌನ ಚುಚ್ಚಿರಬೇಕು, ತಾವೇ ಶುರುಮಾಡಿದರು.

"ಬೇಗ್ಲೇ ಹೊರಟಿದ್ವಿ ಅಕ್ಕಾರೆ. ಶಿರಾಳಕೊಪ್ಪದಲ್ಲಿ ಒಂದು ಕೆಲಸ ಇತ್ತು, ಕುಬಟೂರಲ್ಲೊಂದಿತ್ತು. ಮೂರೂ ಕೂಡಿಸಿಕೊಂಡು ಬಂದ್ರೆ ಪೆಟ್ರೋಲ್ ಉಳಿಯುತ್ತಲ್ಲ ಅಂತ…"

ಅಕ್ಕ ದಿಂಬಿನ ಮೇಲೇ ತಲೆ ತಿರುಗಿಸಿ ಅವರನ್ನು ನೋಡಿದಳು. ಸಿಟ್ಟಿಲ್ಲ, ವ್ಯಂಗ್ಯವಿಲ್ಲ, ನಿಜವಾಗಿ ತಿಳಿದುಕೊಳ್ಳಬೇಕೆಂಬಂತೆ ಕೇಳಿದಳು:

"ಅದ್ರಲ್ಲಿ ನಾನು ಎಷ್ಟನೇ ಕೆಲಸ, ರುದ್ರಪ್ಪನೋರೆ?"

ಯಜಮಾನರು ಡ್ರಿಪ್ ಬಾಟಲಿಯನ್ನು ನೋಡಿದರು. ಕಿಟಕಿ ನೋಡಿದರು. ಗೋಡೆಯ ಬಣ್ಣ ಎಲ್ಲಿ ಎದ್ದಿದೆಯೆಂದು ನೋಡಿದರು. ಭಾವ ಕೆಮ್ಮಿದರು.

ನಾನು ಹೊರಗಿನ ವರಾಂಡಕ್ಕೆ ಬಂದು ಅವರನ್ನು ಕರೆದೆ. "ನೀವು ಹೊರಡಿ. ನಾನು ಇಲ್ಲೇ ಇರ್ತೀನಿ."

"ಎಷ್ಟು ದಿನ?"

"ಅಕ್ಕ ಎದ್ದು ಓಡಾಡೋವರೆಗೂ."

"ಆಯ್ತು. ಕರ್ಕೊಂಡು ಹೋಗೋಕೆ ಬರ್ತೀನಿ ಬಿಡು."

"ಬೇಡ" ಎಂದೆ. "ಅದಕ್ಕೆ ಬೇರೆ ಎರಡು ಕೆಲಸ ಎಲ್ಲಿಂದ ಹುಡುಕ್ತೀರಿ?"

ಮದುವೆಯಾದಂದಿನಿಂದ ನಾನು ಅವರ ಹತ್ತಿರ ಹಾಗೆ ಮಾತಾಡಿದ್ದಿಲ್ಲ. ಅವರು ಮೆಟ್ಟಿಲಿಳಿದು ಹೋಗುವುದನ್ನು ನೋಡಿ ಪಾಪ ಎನಿಸಬೇಕಿತ್ತು. ಎನಿಸಲಿಲ್ಲ.

ಅಕ್ಕ ಎದ್ದು ಹಿತ್ತಿಲವರೆಗೆ ನಡೆದಾಡುವಂತಾದ ಮೇಲೆ ಬಸ್ಸು ಹತ್ತಿದೆ. ಹೆಂಗಸರಿಗೆ ಬಸ್ಸು ಫ್ರೀ ಎಂಬುದು ಕಿವಿಗೆ ಬಿದ್ದಿತ್ತೇ ಹೊರತು ನಾನು ಹತ್ತಿದವಳಲ್ಲ. ಕಾರಿರುವವರ ಹೆಂಡತಿ ನೋಡಿ! ಆಧಾರ್ ತೋರಿಸಿದೆ, ಕಂಡಕ್ಟರು ಟಿಕೆಟ್ ಹರಿದು ಕೊಟ್ಟ. ಕಿಟಕಿ ಪಕ್ಕ ಸೀಟು ಸಿಕ್ಕಿತು. ಗಾಜು ಪೂರ್ತಿ ಸರಿಸಿದೆ. ಎಷ್ಟು ವರ್ಷವಾಗಿತ್ತೋ ಹಾಗೆ ಮುಖಕ್ಕೆ ಗಾಳಿ ಬಡಿದು! ಪಕ್ಕದಲ್ಲಿದ್ದ ಅಜ್ಜಿ ಶಿರಾಳಕೊಪ್ಪದ ಸಂತೆಗೆ ಮೆಣಸಿನಕಾಯಿ ತೆಗೆದುಕೊಂಡು ಹೊರಟಿದ್ದಳು. ಕಾರಿಲ್ಲದ ಇವಳು ಬೇಕಾದ ಕಡೆಯೆಲ್ಲ ಹೋಗಿಬರುತ್ತಿದ್ದಾಳೆ, ಕಾರಿರುವ ನಾನು ಮನೆಯಲ್ಲಿ ಕೂತು ಕೆಲಸ ಹುಟ್ಟುವುದನ್ನು ಕಾಯುತ್ತಿದ್ದೆ. ನನ್ನ ಬುದ್ಧಿಗೆ ನಾನೇ ಚಪ್ಪಲಿಯಲ್ಲಿ ಹೊಡೆದುಕೊಳ್ಳಬೇಕೆನಿಸಿತು.

ಆಮೇಲೆ ಮನಸ್ಸು ಬಂದಾಗಲೆಲ್ಲ ಸೊರಬಕ್ಕೆ ಹೋಗಿಬರತೊಡಗಿದೆ. ಕುಚ್ಚಿನ ದಾರದ ಗಂಟನ್ನೂ ಜೊತೆಗೆ ಒಯ್ಯುತ್ತಿದ್ದೆ. ಅಕ್ಕ ಮಾತಾಡುತ್ತಿದ್ದರೆ ಕೈ ತನ್ನಷ್ಟಕ್ಕೆ ಕಟ್ಟುತ್ತಿತ್ತು. ಯಜಮಾನರು ಏನೂ ಅನ್ನಲಿಲ್ಲ. ಅನ್ನುವುದಕ್ಕೆ ಬಾಯಿರಲಿಲ್ಲ ಎಂದುಕೊಂಡಿದ್ದೆ. ನನ್ನದೇ ತಪ್ಪು. ಒಂದು ಮಧ್ಯಾಹ್ನ ಬುತ್ತಿ ಕೊಡಲು ಅಂಗಡಿಗೆ ಹೋದರೆ, ಗಿರಾಕಿಯೊಬ್ಬರಿಗೆ ಬ್ರಷ್ಷು ಕಟ್ಟಿಕೊಡುತ್ತ ಉಪದೇಶ ನಡೆದಿತ್ತು.

"ಪ್ಲ್ಯಾನ್ ಮಾಡಿ ಗಾಡಿ ತೆಗೀಬೇಕು ಕಣ್ರೀ. ಈಗ ನೋಡ್ರಿ, ನಮ್ಮನೇಲಿ ಪೆಟ್ರೋಲ್ ಖರ್ಚು ಅರ್ಧಕ್ಕೆ ಇಳಿಸಿದೀನಿ."

ಇಳಿಸಿದೀನಂತೆ! ಬಸ್ಸಿನಲ್ಲಿ ನಿಂತು ಹೋದವಳು ನಾನು, ಬೆವರು ನನ್ನದು, ಹೆಗ್ಗಳಿಕೆ ಅವರದ್ದು. ಬುತ್ತಿಯನ್ನು ಕೌಂಟರಿನ ಮೇಲೆ ಸ್ವಲ್ಪ ಜೋರಾಗಿಯೇ ಇಟ್ಟೆ.

"ಅದು ಇವರ ಪ್ಲ್ಯಾನ್ ಅಲ್ಲ ಕಣ್ರೀ" ಎಂದೆ ಗಿರಾಕಿಗೆ. "ನನ್ನ ಬಸ್ಸು. ಇವರನ್ನ ಕೇಳಿದ್ರೆ ಕೆಂಪು ಬಸ್ಸಿನ ಮೈಲೇಜನ್ನೂ ತಮ್ಮ ಲೆಕ್ಕಕ್ಕೇ ಬರ್ಕೋತಾರೆ."

ಗಿರಾಕಿ ನಕ್ಕರು. ಯಜಮಾನರು ಬ್ರಷ್ಷಿಗೆ ಕಟ್ಟಿದ ದಾರವನ್ನೇ ಮತ್ತೆ ಬಿಚ್ಚಿ ಕಟ್ಟಿದರು.

ಹೀಗೆ ಕೆಲವು ತಿಂಗಳು ಕಳೆದ ಮೇಲೆ, ಒಂದು ದಿನ ನಾನು ರೊಟ್ಟಿ ತಟ್ಟುತ್ತಿರುವಾಗ ಬಾಗಿಲಲ್ಲಿ ಅಕ್ಕ ನಿಂತಿದ್ದಳು. ಒಬ್ಬಳೇ. ಆಪರೇಷನ್ ಆದ ಮೇಲೆ ಅವಳು ಊರು ಬಿಟ್ಟು ಹೊರಟದ್ದು ಅದೇ ಮೊದಲು. ಹಿಟ್ಟಿನ ಕೈಯಲ್ಲೇ ಎದ್ದು ಹೋದೆ.

"ಏನಾಯ್ತು ಅಕ್ಕ?"

"ಏನಾಗ್ಬೇಕಿತ್ತೇ? ನಿನ್ನ ನೋಡ್ಬೇಕು ಅನ್ನಿಸ್ತು, ಬಸ್ ಹತ್ತಿದೆ."

ಯಜಮಾನರು ಊಟಕ್ಕೆ ಬಂದವರು ಅಕ್ಕನನ್ನು ಕಂಡು ಚಪ್ಪಲಿ ಬಿಡುವುದನ್ನೂ ಮರೆತು ನಿಂತರು. ತಟ್ಟೆಯ ಮುಂದೆ ಕೂತ ಮೇಲೂ ಎಣ್ಣೆಗಾಯಿಯನ್ನು ಬೆರಳಲ್ಲಿ ಕೆದಕುತ್ತಲೇ ಇದ್ದರು. ಕೊನೆಗೆ ತಲೆಯೆತ್ತದೆ ಹೇಳಿದರು:

"ಅವತ್ತು ಮೊದ್ಲು ನಿಮ್ಮ ಹತ್ರನೇ ಬರ್ಬೇಕಿತ್ತು, ಅಕ್ಕಾರೆ."

ಅಕ್ಕ ಬುಟ್ಟಿಯಿಂದ ಬಿಸಿ ರೊಟ್ಟಿ ತೆಗೆದು ಅವರ ತಟ್ಟೆಗೆ ಹಾಕಿದಳು. "ಇನ್ನೊಂದು ತಗೊಳ್ಳಿ, ಸೊರಗಿದೀರಿ" ಎಂದಳು. ಅಷ್ಟೇ. ಒಂದು ರೊಟ್ಟಿಗೂ ಇನ್ನೊಂದು ರೊಟ್ಟಿಗೂ ನಡುವೆ ಅವಳ ಮುನಿಸು ಮುಗಿದುಹೋಯಿತು. ಅವಳ ಗುಣವೇ ಹಾಗೆ. ನನ್ನ ಗುಣ ಹಾಗಲ್ಲ. ನನಗೆ ಆ ಮೆಟ್ಟಿಲ ಕಡೆ ನೋಡುತ್ತಿದ್ದ ಕಣ್ಣುಗಳು ಇವತ್ತಿಗೂ ಕಾಣುತ್ತವೆ, ನಾನು ನೋಡದಿದ್ದರೂ.

ಸಂಜೆ ಅಕ್ಕ ಹೊರಟಳು. ಯಜಮಾನರು ಕಾರಿನ ಬೀಗದ ಕೈ ಹಿಡಿದುಕೊಂಡು ಬಂದು, "ಮನೆವರೆಗೂ ನಾನೇ ಬಿಟ್ಟು ಬರ್ತೀನಿ" ಎಂದರು. ಅಕ್ಕ ಬೇಡವೆಂದಳು, ಅಷ್ಟಕ್ಕೂ ಬಸ್ ಸ್ಟ್ಯಾಂಡು ಹತ್ತಿರವೇ. ಮೂವರೂ ನಡೆದುಕೊಂಡು ಹೋದೆವು. ಅಕ್ಕನ ಚೀಲ ಅವರೇ ಹಿಡಿದಿದ್ದರು. ಸೊರಬದ ಬಸ್ಸು ನಿಂತಿತ್ತು, ಒಳಗೆ ಜನ ತುಂಬುತ್ತಿದ್ದರು. ಅಕ್ಕ ಹತ್ತಿ ಒಂದು ಸೀಟು ಹಿಡಿದಳು. ಯಜಮಾನರ ಕೈಯಿಂದ ಚೀಲ ಇಸಿದುಕೊಂಡು ಅವಳಿಗೆ ಕೊಡಲೆಂದು ನಾನೂ ಹತ್ತಿದೆ. ಕೊಟ್ಟೆ. ಇಳಿಯಬೇಕಿತ್ತು, ಕಾಲು ಇಳಿಯಲೊಲ್ಲದು. ಡ್ರೈವರು ಬಂದು ಕೂತು ಬಸ್ಸು ಸ್ಟಾರ್ಟ್ ಮಾಡಿದ.

ಯಜಮಾನರು ಗಾಬರಿಯಾಗಿ ಕಿಟಕಿಯ ಕೆಳಗೆ ಬಂದರು. "ಇಳಿಯೇ, ಹೊರಡ್ತಾ ಇದೆ! ನೀನೆಲ್ಲಿಗೆ?"

"ಸೊರಬಕ್ಕೆ."

"ಈಗ ಅಲ್ಲಿ ಏನು ಕೆಲಸ ನಿಂಗೆ?"

ಆ ಪ್ರಶ್ನೆಗೆ ಇಷ್ಟು ವರ್ಷ ಉತ್ತರ ಕೊಟ್ಟದ್ದೇ ಹೆಚ್ಚಾಯಿತು. ನಾನು ಸುಮ್ಮನೆ ಸೆರಗು ಸರಿಮಾಡಿಕೊಂಡೆ. ಅಕ್ಕ ನನ್ನ ಮುಖವನ್ನೊಮ್ಮೆ, ಕೆಳಗೆ ನಿಂತಿದ್ದವರ ಮುಖವನ್ನೊಮ್ಮೆ ನೋಡಿ, ಚೀಲವನ್ನು ತೊಡೆಯ ಮೇಲೆತ್ತಿಕೊಂಡು ಒಳಗೆ ಸರಿದು ಜಾಗ ಮಾಡಿದಳು.